ವಾರಕ್ಕೊಂದು ಪಾಳಿ, ದಿನಕ್ಕೊಂದು ನಿದ್ದೆ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಕೊಪ್ಪಳದವರು. ನಮ್ಮ ಮನೆಯವರಿಗೆ 41 ವರ್ಷ. ಗಿಣಿಗೇರಾ ಕಡೆ ಒಂದು ಕಾರ್ಖಾನೆಯಲ್ಲಿ 14 ವರ್ಷದಿಂದ ಕೆಲಸ. ಒಂದು ವಾರ ನೈಟ್, ಮುಂದಿನ ವಾರ ಸೆಕೆಂಡ್ (ಮಧ್ಯಾಹ್ನದ ಪಾಳಿ), ಅದರ ಮುಂದಿನ ವಾರ ಫಸ್ಟ್ (ಬೆಳಗಿನ ಪಾಳಿ), ಹೀಗೆ ತಿರುಗುತ್ತಲೇ ಇರುತ್ತದೆ. ನೈಟ್ ಇದ್ದಾಗ ಬೆಳಗ್ಗೆ 7ಕ್ಕೆ ಬಂದು ಮಲಗುತ್ತಾರೆ, 11ಕ್ಕೆಲ್ಲ ಎದ್ದು ಕೂರುತ್ತಾರೆ. ನಮ್ಮದು ತಗಡಿನ ಮನೆ, ಬೇಸಿಗೆಯಲ್ಲಿ ಹಗಲು ಒಳಗೆ ಇರಲಿಕ್ಕೇ ಆಗಲ್ಲ. ರಜೆ ದಿನ ಮಾತ್ರ 14 ತಾಸು ಮಲಗುತ್ತಾರೆ. ಹೋದ ತಿಂಗಳು ನೈಟ್ ಮುಗಿಸಿ ಬರುವಾಗಲೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದರು. ಖಾಲಿ ಹೊಟ್ಟೆಯದು 118, ಮೂರು ತಿಂಗಳ ಸಕ್ಕರೆ 6.1 ಬಂದಿದೆ. ಬಿ.ಪಿ. 140/90. ತೂಕ 86 ಕೆ.ಜಿ., ಗೊರಕೆ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ನಿದ್ದೆ ಬರಲಿ ಅಂತ ಮೆಡಿಕಲ್ ಶಾಪಿನಿಂದ ಒಂದು ಸಣ್ಣ ಗುಳಿಗೆ ತರುತ್ತಾರೆ, ಕೆಲವು ದಿನ ಜೊತೆಗೆ ಒಂದು ಕ್ವಾರ್ಟರ್ ಕೂಡ. ನಮ್ಮತ್ತೆ "ಹಗಲು ಮಲಗಿದರೆ ಮೈಗೆ ಬೊಜ್ಜು, ಮನೆಗೆ ದರಿದ್ರ" ಅಂತ ಎಬ್ಬಿಸುತ್ತಾರೆ. ಇವರ ಜೊತೆಯವರು "ರೂಢಿ ಆಗ್ತದ ಬಿಡು" ಅನ್ನುತ್ತಾರೆ. ರಾತ್ರಿ ಕೆಲಸ ಮಾಡಿದರೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓದಿ ನನಗೆ ಹೆದರಿಕೆಯಾಗಿದೆ. ಕೆಲಸ ಬಿಡಿಸಲಾ? ಸೈಟಿನ ಸಾಲ ಇನ್ನೂ 6 ವರ್ಷ ಇದೆ. ಇನ್ನೊಂದು ಹೇಳೋದು ಮರೆತೆ, ಹೋದ ವಾರ ಬೆಳಗ್ಗೆ ಬರುವಾಗ ಇವರ ಗಾಡಿ ರಸ್ತೆ ಬಿಟ್ಟು ಕೆಳಗೆ ಇಳಿದಿತ್ತಂತೆ. ಏನೂ ಆಗಿಲ್ಲ.

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಸಕ್ಕರೆ ಇದೆ, ಬಿ.ಪಿ. ಇದೆ, ಕ್ಯಾನ್ಸರ್ ಇದೆ. ಗಾಡಿ ರಸ್ತೆ ಬಿಟ್ಟು ಇಳಿದದ್ದು ಮಾತ್ರ ಕೊನೆಯಲ್ಲಿ, ಮರೆತು ನೆನಪಾದ ಹಾಗೆ ಬಂದಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. 6.1 ಇರುವ ಸಕ್ಕರೆ ಮನುಷ್ಯನನ್ನು ಸತಾಯಿಸಲು ಹತ್ತು ಹದಿನೈದು ವರ್ಷ ತಗೊಳ್ಳುತ್ತದೆ. ಹೊಸಪೇಟೆ ರಸ್ತೆಯಲ್ಲಿ ಹಿಂದಿನಿಂದ ಬರುವ ಲಾರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಅವತ್ತು ಆಗಿದ್ದು ಇಷ್ಟು. ಮಿದುಳು ಎರಡು ಮೂರು ಸೆಕೆಂಡು ನಿದ್ದೆಗೆ ಜಾರಿತು. ಆಗ ಕಣ್ಣು ತೆರೆದೇ ಇರಬಹುದು, ಕೈ ಹ್ಯಾಂಡಲ್ ಮೇಲೇ ಇರಬಹುದು. ನಿದ್ದೆ ಬಂದಿತ್ತು ಅಂತ ಅವರಿಗೇ ಗೊತ್ತಾಗುವುದಿಲ್ಲ. 60ರ ವೇಗದಲ್ಲಿ ಮೂರು ಸೆಕೆಂಡು ಅಂದರೆ 50 ಮೀಟರ್. ಅಷ್ಟು ದೂರ ಗಾಡಿ ಓಡಿಸಿದವರು ಯಾರೂ ಇಲ್ಲ.

ಲೆಕ್ಕ ಹಾಕಿ ನೋಡಿ. ನೈಟ್ ಶಿಫ್ಟಿನ ಮೊದಲ ದಿನ ಬೆಳಗ್ಗೆ 7ಕ್ಕೆ ಎದ್ದವರು ಮಧ್ಯಾಹ್ನ ಮಲಗದೆ ಡ್ಯೂಟಿಗೆ ಹೋದರೆ, ಮರುದಿನ ಬೆಳಗ್ಗೆ 6ಕ್ಕೆ 23 ತಾಸು ಎಚ್ಚರ ಇದ್ದಂತೆ. 17 ತಾಸು ಸತತ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಗಾಡಿ ಓಡಿಸುವವರಿಗೆ ಮಿತಿ 30. ಅಂದರೆ ಒಂದು ಹನಿ ಮುಟ್ಟದಿದ್ದರೂ ನಿಮ್ಮ ಯಜಮಾನರು ಆ ಹೊತ್ತಿನಲ್ಲಿ 'ಕುಡಿದು' ಗಾಡಿ ಓಡಿಸಿದ ಹಾಗೇ. ಪೊಲೀಸರ ಮಷಿನ್‌ಗೆ ಮಾತ್ರ ಇದು ಸಿಗುವುದಿಲ್ಲ.

ನನ್ನದೇ ಕಥೆ ಹೇಳಲಾ? ಹೌಸ್ ಸರ್ಜನ್ ಆಗಿದ್ದಾಗ ಒಂದೂವರೆ ದಿನದ ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ರೂಮಿಗೆ ಹೊರಟಿದ್ದೆ. ಮುಂದೆ ನೆನಪಿರುವುದು, ನನ್ನ ಕಾಲ ಕೆಳಗೆ ಜಲ್ಲಿ ಸದ್ದು ಮಾಡಿದ್ದು ಮತ್ತು ಒಬ್ಬ ಹಾಲಿನವನು ಕ್ಯಾನ್ ಇಳಿಸಿ ನನ್ನನ್ನೇ ನೋಡುತ್ತಾ ನಿಂತದ್ದು. ಮಧ್ಯದ ರಸ್ತೆ ಇವತ್ತಿಗೂ ನೆನಪಿಲ್ಲ. ನಾನೂ ಅವತ್ತು ಮನೆಗೆ ಫೋನ್ ಮಾಡಿ "ಏನೂ ಆಗಿಲ್ಲ" ಅಂತಲೇ ಹೇಳಿದ್ದೆ.

ಹಾಗಾಗಿ ನೈಟ್ ಇರುವ ವಾರ ಗಾಡಿ ಮನೆಯಲ್ಲಿರಲಿ. ಕಾರ್ಖಾನೆ ಬಸ್ಸು, ಸರ್ಕಾರಿ ಬಸ್ಸು, ಅದೂ ಇಲ್ಲದಿದ್ದರೆ ನಾಲ್ಕು ಜನ ಸೇರಿ ಒಂದು ಆಟೋ. ಅರ್ಧ ತಾಸು ತಡವಾದರೂ ಪರವಾಗಿಲ್ಲ. ಗಾಡಿಯೇ ಗತಿ ಅಂದರೆ, ಡ್ಯೂಟಿ ಮುಗಿದ ಕೂಡಲೇ ಅಲ್ಲೇ ರೆಸ್ಟ್ ರೂಮಿನಲ್ಲಿ 20 ನಿಮಿಷ ಅಲಾರಂ ಇಟ್ಟು ಮಲಗಿ, ಎದ್ದು, ಹತ್ತು ನಿಮಿಷ ಓಡಾಡಿ, ಆಮೇಲೆ ಹೊರಡಲಿ. ಎದ್ದ ತಕ್ಷಣ ಹೊರಡಬಾರದು, ನಿದ್ದೆಯ ಮಂಪರು ಇನ್ನೂ ಇರುತ್ತದೆ. ಮುಖಕ್ಕೆ ನೀರು ಹೊಡೆಯುವುದು, ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಹಾಕುವುದು, ಗಾಳಿಗೆ ಮುಖ ಒಡ್ಡುವುದು, ಇವೆಲ್ಲ ಐದು ನಿಮಿಷದ ಆಟ.

ಎರಡನೆಯದು ಆ ಸಣ್ಣ ಗುಳಿಗೆ. ಹೆಸರು ಬರೆದಿಲ್ಲ ನೀವು. ನನ್ನ ಹತ್ತಿರ ಇಂಥ ಸ್ಟ್ರಿಪ್ ಹಿಡಿದು ಬರುವವರಲ್ಲಿ ಹೆಚ್ಚಿನವರದು ಅಲ್ಪ್ರಾಜೋಲಾಮ್ ಆಗಿರುತ್ತದೆ. ಅದು ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ. ಮೊದಲ ವಾರ ಅರ್ಧ ಗುಳಿಗೆಗೆ ಬಂದ ನಿದ್ದೆ ಕೆಲವು ತಿಂಗಳಾದ ಮೇಲೆ ಎರಡಕ್ಕೂ ಬರುವುದಿಲ್ಲ, ಬಿಟ್ಟರೆ ಮೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದರ ಮೇಲೆ ಕ್ವಾರ್ಟರ್ ಬಿದ್ದರೆ ಎರಡೂ ಸೇರಿ ಉಸಿರಾಟವನ್ನೇ ತಗ್ಗಿಸುತ್ತವೆ. ಗೊರಕೆ ಹೊಡೆಯುವ, 86 ಕೆ.ಜಿ. ತೂಕದ ಮನುಷ್ಯನಿಗೆ ಇದು ಸುಮ್ನೆ ಮಾತಲ್ಲ. ರಾಯಚೂರು ಸೀಮೆಯಲ್ಲಿ ಸಿಎಚ್ ಪೌಡರ್ ಬೆರೆಸಿದ ಸೇಂದಿ ಬಗ್ಗೆ ಕೇಳಿರುತ್ತೀರಿ. ಆ ಪುಡಿ ಏನು ಗೊತ್ತಾ? ಕ್ಲೋರಲ್ ಹೈಡ್ರೇಟ್, 19ನೇ ಶತಮಾನದ ನಿದ್ದೆ ಔಷಧಿ. ಕೆಲವು ಕಡೆ ಅಲ್ಪ್ರಾಜೋಲಾಮನ್ನೇ ಬೆರೆಸಿ ಸಿಕ್ಕಿಬಿದ್ದಿದ್ದಾರೆ. ಆ ಸೇಂದಿ ಬಿಡಿಸಿದಾಗ ಜನ ಹುಚ್ಚು ಹಿಡಿದವರ ಹಾಗೆ ಆಡುವುದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಗುಳಿಗೆ ಮತ್ತು ಕ್ವಾರ್ಟರ್ ಜೊತೆ ಮಾಡಿಕೊಂಡವರು ಅದೇ ದಾರಿಯಲ್ಲಿದ್ದಾರೆ, ಅಂಗಡಿ ಮಾತ್ರ ಬೇರೆ.

ಒಂದು ಎಚ್ಚರಿಕೆ. ತುಂಬಾ ದಿನದಿಂದ ದಿನಾ ತಗೊಳ್ಳುತ್ತಿದ್ದರೆ ಇದನ್ನು ಓದಿ ಇವತ್ತೇ ಕಿತ್ತು ಬಿಸಾಡಬೇಡಿ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಹತ್ತಿರ ತೋರಿಸಿ, ವಾರ ವಾರ ಇಳಿಸುತ್ತಾ ಬಿಡಿಸಬೇಕು. ಕ್ವಾರ್ಟರ್ ಜೊತೆ ತಗೊಳ್ಳುವುದು ಮಾತ್ರ ಇವತ್ತೇ ನಿಲ್ಲಲಿ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ ನಿಜ, ಎರಡು ಮೂರು ತಾಸಿಗೆ ಅದೇ ಎಬ್ಬಿಸುತ್ತದೆ. 11ಕ್ಕೇ ಎದ್ದು ಕೂರುತ್ತಾರೆ ಅಂದಿರಲ್ಲ, ಅದರಲ್ಲಿ ಇದರ ಪಾಲೂ ಇದೆ.

ಈಗ ಮೂಲಕ್ಕೆ ಬರೋಣ. ಹಗಲು ಮಲಗಿದರೆ ನಿದ್ದೆ ಯಾಕೆ ಮುರಿಯುತ್ತದೆ?

ಮುಟ್ಟಿದರೆ ಮುನಿ ಗಿಡ ನೋಡಿದ್ದೀರಲ್ಲ, ರಾತ್ರಿ ಎಲೆ ಮುಚ್ಚಿ ಹಗಲು ಬಿಚ್ಚುತ್ತದೆ. 1729ರಲ್ಲಿ ಮೈರಾನ್ ಎಂಬ ಫ್ರೆಂಚ್ ವಿಜ್ಞಾನಿ ಅಂಥದೊಂದು ಗಿಡವನ್ನು ಬಿಸಿಲು ಕಾಣದ ಕತ್ತಲೆಯಲ್ಲಿಟ್ಟರು. ಕತ್ತಲಲ್ಲೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿ ಮುಚ್ಚಿತು. ಗಡಿಯಾರ ಗಿಡದ ಒಳಗೇ ಇತ್ತು. ಅಂಥದೇ ನಮ್ಮೊಳಗೂ ಇದೆ. ಕಣ್ಣಿನ ನರಗಳು ಹಾದುಹೋಗುವ ಜಾಗದ ಸ್ವಲ್ಪ ಮೇಲೆ, ಮಿದುಳಿನ ತಳದಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಗಂಟು. ಸುಮಾರು 20 ಸಾವಿರ ನರಕೋಶ. ಅದರ ಒಂದು ಸುತ್ತು 24 ತಾಸಿಗಿಂತ ಹತ್ತು ಹನ್ನೆರಡು ನಿಮಿಷ ಹೆಚ್ಚು. ದಿನಾ ಬೆಳಗಿನ ಬೆಳಕು ಕಣ್ಣಿಗೆ ಬಿದ್ದು ಅದನ್ನು ಸರಿ ಮಾಡುತ್ತದೆ. ಈ ಗಡಿಯಾರ ಕೋಶದೊಳಗೆ ಹೇಗೆ ತಿರುಗುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರ ನೊಬೆಲ್ ಬಂತು.

ಇದೊಂದೇ ಆಗಿದ್ದರೆ ಕಷ್ಟ ಕಡಿಮೆ ಇತ್ತು. ಲಿವರಿಗೊಂದು, ಮೇದೋಜೀರಕ ಗ್ರಂಥಿಗೊಂದು, ಕರುಳಿಗೊಂದು, ಹೀಗೆ ಒಳಗೆ ಬೇರೆ ಬೇರೆ ಗಡಿಯಾರಗಳಿವೆ. ಮೇಲಿನದು ಬೆಳಕು ನೋಡಿ ನಡೆಯುತ್ತದೆ, ಕೆಳಗಿನವು ಊಟದ ಹೊತ್ತನ್ನೂ ನೋಡುತ್ತವೆ. ಯಜಮಾನರು ರಾತ್ರಿ 3ಕ್ಕೆ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದರೆ ಲಿವರು ಹಗಲು ಅಂದುಕೊಳ್ಳುತ್ತದೆ, ಮಿದುಳು ರಾತ್ರಿ ಅನ್ನುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕೊನೆಯ ರೈತರಿಗೆ ಇದು ಬೇಗ ತಿಳಿಯುತ್ತದೆ. ಮೇಲೆ ನೀರು ಬಿಟ್ಟದ್ದು ರಾತ್ರಿ, ತೂಬು ತೆಗೆದದ್ದು ಬೆಳಗ್ಗೆ. ನೀರಿತ್ತು, ಹೊಲವೂ ಇತ್ತು, ಹೊತ್ತು ಮಾತ್ರ ಕೂಡಲಿಲ್ಲ. ಸಿಂಧನೂರು, ಮಾನ್ವಿ ಕಡೆಯಿಂದ ರಾತ್ರಿಯಿಡೀ ನೀರು ಕಾದು ಬಂದ ಭತ್ತದ ರೈತರೂ ನನ್ನ ಹತ್ತಿರ ಇದೇ ದೂರು ತರುತ್ತಾರೆ. ಹಟ್ಟಿ ಗಣಿಯವರು, ಗಂಗಾವತಿ ರೈಸ್ ಮಿಲ್ಲಿನವರು, ಬಳ್ಳಾರಿಯಲ್ಲಿ ಸೀಸನ್ ಬಂದಾಗ ಬೆಳಗಾಗುವವರೆಗೆ ಜೀನ್ಸ್ ಹೊಲಿಯುವವರು, ಎಲ್ಲರದೂ ಒಂದೇ ಮಾತು: "ಸರ್, ಮಲಗ್ತೀನಿ, ನಿದ್ದಿ ಆಗಂಗಿಲ್ಲ."

ಬೆಳಗ್ಗೆ 7ಕ್ಕೆ ಮಲಗಿದಾಗ ದಣಿವು ಎಳೆದು ನಿದ್ದೆ ತರುತ್ತದೆ. ಆದರೆ ಅದೇ ಹೊತ್ತಿಗೆ ಒಳಗಿನ ಗಡಿಯಾರ ಮೈ ಬಿಸಿ ಏರಿಸುತ್ತಿರುತ್ತದೆ, ಎಚ್ಚರದ ಹಾರ್ಮೋನು ಸುರಿಯುತ್ತಿರುತ್ತದೆ. ಮೊದಲ ಮೂರು ನಾಲ್ಕು ತಾಸಿಗೆ ದಣಿವು ತೀರುತ್ತದೆ, ಆಮೇಲೆ ಗಡಿಯಾರ ಗೆಲ್ಲುತ್ತದೆ. 11ಕ್ಕೆ ಏಳುವುದು ಅವರ ತಪ್ಪಲ್ಲ. ಅವರಿಗೆ ನಿದ್ದೆಯ ಕಾಯಿಲೆ ಇದೆ ಅಂತಲೂ ಅಲ್ಲ.

'ರೂಢಿ ಆಗ್ತದ' ಅನ್ನುವ ಮಾತಿಗೆ ಬರುತ್ತೇನೆ. 14 ವರ್ಷದಲ್ಲಿ ಆಗದ ರೂಢಿ 15ನೆಯದಕ್ಕೆ ಆಗುತ್ತದಾ? ಬರೀ ರಾತ್ರಿಯೇ ಕೆಲಸ ಮಾಡುವವರನ್ನು ಪರೀಕ್ಷಿಸಿದಾಗಲೂ ಒಳಗಿನ ಗಡಿಯಾರ ಪೂರ್ತಿ ರಾತ್ರಿಗೆ ಹೊಂದಿಕೊಂಡವರು ನೂರಕ್ಕೆ ಮೂರು ಜನ ಕೂಡ ಸಿಗಲಿಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಗುವವರ ಮಾತು ಬಿಡಿ. ರೂಢಿ ಆಗುವುದು ತೂಕಡಿಸುತ್ತಾ ಬದುಕುವುದು. ಅದನ್ನೇ ಜನ ಹೊಂದಿಕೊಂಡಿದ್ದೇವೆ ಅಂದುಕೊಳ್ಳುತ್ತಾರೆ. ವಯಸ್ಸು 40-45 ದಾಟಿದ ಮೇಲೆ ಇದು ಸುಲಭ ಆಗುವುದಿಲ್ಲ, ಇನ್ನೂ ಕಷ್ಟವಾಗುತ್ತದೆ. ಹಾಗಂತ ಎಲ್ಲರಿಗೂ ಒಂದೇ ಥರ ಅಲ್ಲ. ಕೆಲವರು ಹುಟ್ಟಾ ರಾತ್ರಿ ಗೂಬೆಗಳು, ಅವರಿಗೆ ನೈಟ್ ಅಷ್ಟು ಕಾಡುವುದಿಲ್ಲ. ಕೋಳಿ ಕೂಗುವ ಮುಂಚೆ ಏಳುವ ಜಾತಿಯವರಿಗೆ ಜಾಸ್ತಿ ಕಷ್ಟ.

ನಿಮ್ಮತ್ತೆಯವರಿಗೆ ಒಂದು ಮಾತು ಹೇಳಬೇಕು, ಅದೂ ಅವರ ಕಡೆಯಿಂದಲೇ. ಹಗಲು ನಿದ್ದೆ ಬೊಜ್ಜು ಅನ್ನುವುದು ಆಯುರ್ವೇದದಿಂದ ಬಂದ ಮಾತು. ಆದರೆ ಅದೇ ಚರಕ ಸಂಹಿತೆ, ರಾತ್ರಿ ಎಚ್ಚರವಿದ್ದು ದಣಿದವರಿಗೆ ಹಗಲು ನಿದ್ದೆ ಆಗಬಹುದು ಅನ್ನುತ್ತದೆ. ಬೇಸಿಗೆಯಲ್ಲಂತೂ ಹಗಲು ನಿದ್ದೆ ಒಳ್ಳೆಯದು ಅನ್ನುತ್ತದೆ. ಹಿರಿಯರಿಗೆ ನಾನು ಹೇಳಿದರೆ ಕೇಳುತ್ತಾರೋ ಇಲ್ಲವೋ, ಚರಕರು ಹೇಳಿದರೆ ಕೇಳಬಹುದು. ನಿಜ ಹೇಳಬೇಕೆಂದರೆ ತೂಕ ಏರುತ್ತಿರುವುದು ಮಗ ಹಗಲು ಮಲಗುತ್ತಾನೆ ಅಂತಲ್ಲ, ಸಾಕಷ್ಟು ಮಲಗುತ್ತಿಲ್ಲ ಅಂತ. ನಿದ್ದೆ ಕಡಿಮೆಯಾದರೆ ಹೊಟ್ಟೆ ತುಂಬಿದೆ ಎಂದು ಹೇಳುವ ಹಾರ್ಮೋನು ಕಮ್ಮಿ, ಹಸಿವಿನದು ಜಾಸ್ತಿ. ಬೆಳಗ್ಗೆ 6:15ಕ್ಕೆ ಗೇಟಿನ ಹೊರಗಿನ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ ಕೈಬೀಸಿ ಕರೆಯುವುದು ಇದಕ್ಕೇ.

ಸಕ್ಕರೆ ಬಗ್ಗೆ. ಮೊದಲು ಆ 118 ಅನ್ನು ಪಕ್ಕಕ್ಕಿಡಿ. ನೈಟ್ ಮುಗಿಸಿ ಬಂದು ಕೊಟ್ಟ ರಕ್ತ ಅದು. ರಾತ್ರಿ 3ಕ್ಕೆ ಏನಾದರೂ ತಿಂದು, ನಾಲ್ಕಕ್ಕೆ ಸಕ್ಕರೆ ಹಾಕಿದ ಚಹಾ ಕುಡಿದು, ಏಳಕ್ಕೆ ರಕ್ತ ಕೊಟ್ಟರೆ ಅದು ಖಾಲಿ ಹೊಟ್ಟೆ ಅಲ್ಲವೇ ಅಲ್ಲ, ಎಂಟು ತಾಸು ಆಗಿರಬೇಕು. ಲ್ಯಾಬಿನವರು "ತಿಂಡಿ ತಿಂದೀರಾ?" ಅಂತ ಕೇಳುತ್ತಾರೆ, ಇವರು "ಇಲ್ಲ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ. ಬಿ.ಪಿ. ಕೂಡ ನಿದ್ದೆಗೆಟ್ಟ ಬೆಳಗ್ಗೆ ನೋಡಿದರೆ ಮೇಲೇ ಇರುತ್ತದೆ. ಆದರೆ ಮೂರು ತಿಂಗಳ ಸರಾಸರಿ 6.1ಕ್ಕೆ ಈ ನೆಪ ನಡೆಯುವುದಿಲ್ಲ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಹೊಸ್ತಿಲ ಮೇಲೆ ನಿಂತವರು ಹಿಂದಕ್ಕೂ ಬರಬಹುದು.

ನಿದ್ದೆಗೂ ಸಕ್ಕರೆಗೂ ಏನು ಸಂಬಂಧ ಅಂತ ಕೇಳಬಹುದು. 1999ರಲ್ಲಿ ಶಿಕಾಗೋದಲ್ಲಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ದಿನಕ್ಕೆ ನಾಲ್ಕೇ ತಾಸು ಮಲಗಲು ಬಿಟ್ಟು ನೋಡಿದರು. ಆರೇ ದಿನಕ್ಕೆ ಅವರ ಮೈ ಸಕ್ಕರೆಯನ್ನು ನಿಭಾಯಿಸುವ ರೀತಿ ಕಾಯಿಲೆಯ ಶುರುವಿನಲ್ಲಿರುವವರ ಹಾಗೆ ಆಗಿತ್ತು. ನಿದ್ದೆ ಕೊಟ್ಟ ಮೇಲೆ ಸರಿಯಾಯಿತು. ಇದರ ಮೇಲೆ ಹೊತ್ತಿನ ಏರುಪೇರು ಬೇರೆ. ಅದೇ ರೊಟ್ಟಿ, ಅದೇ ಪಲ್ಯ, ಮಧ್ಯಾಹ್ನ ತಿಂದರೆ ಏರುವುದಕ್ಕಿಂತ ನಡುರಾತ್ರಿ ತಿಂದರೆ ಸಕ್ಕರೆ ಜಾಸ್ತಿ ಏರುತ್ತದೆ, ಆ ಹೊತ್ತಿನಲ್ಲಿ ಇನ್ಸುಲಿನ್ ಅಷ್ಟು ಚುರುಕಿರುವುದಿಲ್ಲ. ರಾತ್ರಿ ಕೆಲಸದವರು ಊಟವನ್ನು ಹಗಲಿಗೇ ಇಟ್ಟುಕೊಂಡರೆ ಈ ಏರಿಕೆಯನ್ನು ಬಹಳಷ್ಟು ತಡೆಯಬಹುದು ಅಂತ ಈಚಿನ ಪ್ರಯೋಗಗಳು ತೋರಿಸಿವೆ.

ಹಾಗಾಗಿ ನೈಟ್ ವಾರದಲ್ಲಿ ಹೊಟ್ಟೆ ತುಂಬಾ ಊಟ ರಾತ್ರಿ 8ಕ್ಕೆ, ಮನೆಯಲ್ಲೇ: ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮೊಸರು. ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಶೇಂಗಾ, ಒಂದು ಸೌತೆಕಾಯಿ, ಬೇಕಾದರೆ ಮಜ್ಜಿಗೆ. ಅದೂ 12ರೊಳಗೆ. ಬೆಳಗ್ಗೆ ಬಂದು ಅರ್ಧ ಹೊಟ್ಟೆ ತಿಂದು ಮಲಗಲಿ, ಪೂರ್ತಿ ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಹಸಿವೇ ಎಬ್ಬಿಸುತ್ತದೆ. ಕೊನೆಯ ಚಹಾ ರಾತ್ರಿ 1 ಗಂಟೆಗೆ. ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ನಾಲ್ಕಕ್ಕೆ ಕುಡಿದದ್ದು ಏಳಕ್ಕೆ ಹಾಸಿಗೆಯಲ್ಲೂ ಜೊತೆಗಿರುತ್ತದೆ.

ಗೊರಕೆಯನ್ನು ನೀವು ಒಂದು ಶಬ್ದದಲ್ಲಿ ಮುಗಿಸಿದ್ದೀರಿ, ನಾನು ಸ್ವಲ್ಪ ನಿಲ್ಲುತ್ತೇನೆ. ಗೊರಕೆ ನಡುವೆ ಹತ್ತು ಹದಿನೈದು ಸೆಕೆಂಡು ಸದ್ದೇ ನಿಂತು, ಆಮೇಲೆ ಉಸಿರುಗಟ್ಟಿದವರ ಹಾಗೆ ದಿಗ್ಗನೆ ಎಳೆದುಕೊಳ್ಳುತ್ತಾರಾ ನೋಡಿ. ಮೊಬೈಲಿನಲ್ಲಿ ಐದು ನಿಮಿಷ ವಿಡಿಯೋ ಮಾಡಿ ತನ್ನಿ, ನನಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಾಗಿದ್ದರೆ ಇದು ಸ್ಲೀಪ್ ಆಪ್ನಿಯಾ, ಗಂಟಲು ಮುಚ್ಚಿ ಉಸಿರು ನಿಲ್ಲುವ ತೊಂದರೆ. ಎಂಟು ತಾಸು ಮಲಗಿದರೂ ದಣಿವು ಹೋಗುವುದಿಲ್ಲ. ಬಿ.ಪಿ. ಏರಲು, ಗಾಡಿ ಮೇಲೆ ತೂಕಡಿಸಲು ಇದೂ ಕಾರಣ ಆಗಬಹುದು. ಮನೆಯಲ್ಲೇ ಒಂದು ರಾತ್ರಿ ಮಷಿನ್ ಕಟ್ಟಿಕೊಂಡು ಮಲಗಿ ಪರೀಕ್ಷೆ ಮಾಡಿಸಬಹುದು. ಇದೇ ಇದ್ದರೆ ಪಾಳಿ ಬದಲಿಸಿದರೂ ಸಾಲದು, ಇದಕ್ಕೆ ಬೇರೆ ಚಿಕಿತ್ಸೆ ಬೇಕು.

ಇನ್ನು ತಗಡಿನ ಮನೆ. ಮೇ ತಿಂಗಳು, 41-42 ಡಿಗ್ರಿ, ತಗಡಿನ ಕೆಳಗೆ ಮಲಗು ಅನ್ನುವುದು ಹೆಂಚಿನ ಮೇಲೆ ಮಲಗು ಅಂದ ಹಾಗೆ. ನಿದ್ದೆ ಹತ್ತಬೇಕಾದರೆ ಮೈಯ ಒಳಬಿಸಿ ಸ್ವಲ್ಪ ಇಳಿಯಲೇಬೇಕು. ತಗಡಿನ ಮೇಲೆ ಬಿಳಿ ಸುಣ್ಣ ಬಳಿಸಿ, ಒಳಗೆ ಚಾಪೆಯದೋ ಬಟ್ಟೆಯದೋ ಒಂದು ಒಳಚಾವಣಿ ಕಟ್ಟಿಸಿ. ನಮ್ಮ ಕಡೆ ಒಣ ಬಿಸಿಲಾದ್ದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಂದು ಕಿಟಕಿ ಸ್ವಲ್ಪ ತೆರೆದಿರಬೇಕು. ಇಲ್ಲದಿದ್ದರೆ ಬರೀ ಮೈ ಅಂಟುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಓಣಿಯಲ್ಲಿ ಅಣ್ಣತಮ್ಮಂದಿರದೋ ಮಾವನದೋ ಹಳೆ ಮಣ್ಣಿನ ಮಾಳಿಗೆ ಮನೆ ಇದ್ದರೆ ಬೇಸಿಗೆಯ ನೈಟ್ ವಾರ ಅಲ್ಲಿ ಮಲಗಲಿ. ಆ ಮನೆಗಳ ಒಳಕೋಣೆ ಹಗಲಲ್ಲೂ ಕತ್ತಲು, ತಂಪು. ನಾವು ಅವನ್ನು ಕೆಡವಿ ತಗಡು ಹಾಕಿದ್ದೇವೆ, ಆ ಮಾತು ಬೇರೆ. ನನ್ನ ಒಬ್ಬ ಪೇಷಂಟ್ ಹೀಗೇ ಅಜ್ಜನ ಮನೆಯ ಜೋಳ ತುಂಬುವ ಕೋಣೆಯಲ್ಲಿ ಮಂಚ ಹಾಕಿಕೊಂಡ. ನಾಲ್ಕು ತಾಸಿನ ನಿದ್ದೆ ಆರು ಆಯಿತು. ಅವನಿಗೆ ನಾನು ಬರೆದುಕೊಟ್ಟಿದ್ದ ಮೆಲಟೋನಿನ್‌ಗಿಂತ ಆ ಕೋಣೆಯೇ ಜಾಸ್ತಿ ಕೆಲಸ ಮಾಡಿತು.

ಮೆಲಟೋನಿನ್ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕತ್ತಲಾದಾಗ ಮಿದುಳು ಬಿಡುವ ಹಾರ್ಮೋನು ಅದು, ಗುಳಿಗೆಯಾಗಿಯೂ ಸಿಗುತ್ತದೆ. ಅಲ್ಪ್ರಾಜೋಲಾಮ್ ಥರ ಚಟ ಹಿಡಿಸುವುದಿಲ್ಲ. ಆದರೆ ಹಗಲು ನಿದ್ದೆಗೆ ಸೇರಿಸುವುದು ಅರ್ಧ ತಾಸಿಗಿಂತ ಕಡಿಮೆಯೇ. ಬೇಕಾದರೆ ವೈದ್ಯರನ್ನು ಕೇಳಿ ಸ್ವಲ್ಪ ದಿನ ನೋಡಬಹುದು, ಅದರ ಮೇಲೆ ಆಸೆ ಕಟ್ಟಿಕೊಳ್ಳಬೇಡಿ.

ಮನೆಯವರ ಪಾಲು ಇಲ್ಲಿ ದೊಡ್ಡದು. ನೈಟ್ ವಾರದಲ್ಲಿ ಬೆಳಗ್ಗೆ 7:30ರಿಂದ 11:30, ಈ ನಾಲ್ಕು ತಾಸು ಯಾರೂ ಮುಟ್ಟಬಾರದು. ಸಿಲಿಂಡರ್ ಬರಲಿ, ನೆಂಟರು ಬರಲಿ, ಬ್ಯಾಂಕಿನಿಂದ ಫೋನ್ ಬರಲಿ. ರಾತ್ರಿ 2ಕ್ಕೆ ಯಾರಾದರೂ ಬಾಗಿಲು ಬಡಿದರೆ ನಿಮಗೆ ಹೇಗನಿಸುತ್ತದೋ ಅವರಿಗೆ ಬೆಳಗ್ಗೆ 10ಕ್ಕೆ ಹಾಗೇ. ಅವರ ಮೊಬೈಲ್ ನಿಮ್ಮ ಹತ್ತಿರ ಇರಲಿ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಕಣ್ಣಿಗೆ ಕಪ್ಪು ಬಟ್ಟೆ. ಸಂಜೆ ಡ್ಯೂಟಿಗೆ ಮುಂಚೆ ಇನ್ನೊಂದು ಒಂದೂವರೆ ತಾಸು ಮಲಗಲಿ. ಎರಡು ತುಂಡು ಸೇರಿ ಐದೂವರೆ ಆರು ತಾಸಾದರೆ ನಾನು ಖುಷಿ ಪಡುತ್ತೇನೆ. ಎಂಟೇ ಆಗಬೇಕು ಅಂತ ಹಟ ಹಿಡಿದರೆ ಆ ಚಿಂತೆಗೇ ನಿದ್ದೆ ಹೋಗುತ್ತದೆ.

ರಜೆ ದಿನದ 14 ತಾಸು ನೋಡಲು ಚೆನ್ನ. ದಣಿವು ಸ್ವಲ್ಪ ತೀರುತ್ತದೆ ನಿಜ, ಆದರೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಮುಂದಿನ ವಾರ ಪೂರ್ತಿ ಎಡವುತ್ತದೆ. ನೈಟ್ ಮುಗಿದ ಬೆಳಗ್ಗೆ ಮೂರು ತಾಸು ಮಲಗಿ, ಎದ್ದು, ಬಿಸಿಲಲ್ಲಿ ಓಡಾಡಿ, ರಾತ್ರಿ 10-11ಕ್ಕೆ ಎಲ್ಲರ ಜೊತೆ ಮಲಗುವುದು ಒಳ್ಳೆಯದು. ಆ ದಿನ ಮೈ ಭಾರ ಇರುತ್ತದೆ, ಅವತ್ತು ಗಾಡಿ ಬೇಡ, ಜಗಳವೂ ಬೇಡ.

ಪಾಳಿ ತಿರುಗುವ ದಿಕ್ಕೂ ಗಮನಿಸಿ. ಇವರದು ನೈಟ್, ಸೆಕೆಂಡ್, ಫಸ್ಟ್, ಅಂದರೆ ವಾರ ವಾರ ನಿದ್ದೆಯ ಹೊತ್ತು ಹಿಂದಕ್ಕೆ ಬರುತ್ತದೆ. ನಮ್ಮ ಗಡಿಯಾರದ ಸುತ್ತು 24 ತಾಸಿಗಿಂತ ಸ್ವಲ್ಪ ಉದ್ದ ಅಂದೆನಲ್ಲ, ಅದಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಫಸ್ಟ್, ಸೆಕೆಂಡ್, ನೈಟ್ ಅಂತ ಮುಂದಕ್ಕೆ ತಿರುಗಿದರೆ ಮೈಗೆ ಹಗುರ. ಇದಕ್ಕೆ ಕಾರ್ಖಾನೆಗೆ ಒಂದು ರೂಪಾಯಿ ಖರ್ಚಿಲ್ಲ, ಪಟ್ಟಿ ತಿರುಗಿಸಿ ಬರೆಯಬೇಕು ಅಷ್ಟೇ. ಒಬ್ಬರೇ ಹೋಗಿ ಕೇಳಿದರೆ ಆಗದು. ಸೆಕ್ಷನ್ನಿನ ಹತ್ತು ಜನ ಸೇರಿ, ಅಲ್ಲಿನ ಕಾರ್ಖಾನೆ ವೈದ್ಯರ ಮೂಲಕ ಕೇಳಿದರೆ ಆಗಬಹುದು. ನನಗೆ ಗೊತ್ತಿರುವ ಒಂದು ಕಡೆ ಆಗಿದೆ, ಇನ್ನೊಂದು ಕಡೆ "ಮೊದಲಿಂದ ಹೀಗೇ ಇದೆ" ಎಂದು ಕಳಿಸಿದ್ದಾರೆ.

ಕ್ಯಾನ್ಸರ್ ಮಾತು ಪೂರ್ತಿ ಸುಳ್ಳಲ್ಲ, ಆದರೆ ವಾಟ್ಸಾಪ್ ಹೇಳುವಷ್ಟೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್ ತರಬಲ್ಲದ್ದು' ಎಂಬ ಗುಂಪಿಗೆ ಹಾಕಿದೆ. ಆಡು, ದನದ ಮಾಂಸ ಕೂಡ ಅದೇ ಗುಂಪಿನಲ್ಲಿವೆ. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಇದಕ್ಕೆ ಹೆದರಿ ಕೆಲಸ ಬಿಡುವ ಮುಂಚೆ ಅವರು ಗುಟ್ಕಾ ಹಾಕುತ್ತಾರಾ ಅಂತ ನಾನು ಕೇಳುತ್ತೇನೆ. ಹಾಕುತ್ತಿದ್ದರೆ ಮೊದಲು ಅದು.

ಕೆಲಸ ಬಿಡಿಸಲಾ ಅಂದಿರಿ. ನನ್ನ ಉತ್ತರ ಈಗಲೇ ಬೇಡ. ಸಾಲ, ಮಕ್ಕಳ ಫೀಸು, ಕೈಯಲ್ಲಿ ಕೆಲಸ ಇಲ್ಲದ ಗಂಡ, ಆ ಚಿಂತೆಯಲ್ಲಿ ರಾತ್ರಿ ಕೂಡ ನಿದ್ದೆ ಬರುವುದಿಲ್ಲ. ನಡುವಿನ ದಾರಿ ಜನರಲ್ ಶಿಫ್ಟ್, ಅಂದರೆ ಬರೀ ಹಗಲಿನ ಪಾಳಿ ಕೇಳುವುದು. ನೈಟ್ ಭತ್ಯೆ ಹೋಗುತ್ತದೆ, ಓವರ್‌ಟೈಮ್ ಕಮ್ಮಿಯಾಗುತ್ತದೆ. ಎಷ್ಟು ಹೋಗುತ್ತದೆ ಅಂತ ಹಾಳೆ ಮೇಲೆ ಬರೆದು ನೋಡಿ, ಮನಸ್ಸಿನಲ್ಲಿ ಲೆಕ್ಕ ಹಾಕಿದರೆ ಭಯ ಜಾಸ್ತಿ ಕಾಣುತ್ತದೆ. ವೈದ್ಯರ ಚೀಟಿ ಕೊಟ್ಟು ಮೂರು ತಿಂಗಳು ನೈಟ್‌ನಿಂದ ವಿನಾಯಿತಿ ಕೇಳಬಹುದು. ಇದರಲ್ಲೊಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಗುತ್ತಿಗೆ ನೌಕರರಾಗಿದ್ದರೆ 'ಅನ್‌ಫಿಟ್' ಅನ್ನುವ ಹಣೆಪಟ್ಟಿ ಬಿದ್ದು ಕೆಲಸಕ್ಕೇ ಕುತ್ತು ಬಂದದ್ದನ್ನು ನೋಡಿದ್ದೇನೆ. ಕಾಯಂ ನೌಕರರಿಗೆ ಆ ಭಯ ಕಡಿಮೆ. ನೀವು ಯಾವುದು ಅಂತ ಬರೆದಿಲ್ಲ. ಅದನ್ನು ನೋಡಿಕೊಂಡು ಚೀಟಿ ಬರೆಯುವ ರೀತಿ ಬೇರೆ ಇರುತ್ತದೆ.

ಕೆಲವರಿಗೆ ಮಾತ್ರ ನಾನು ನೈಟ್ ಬೇಡವೇ ಬೇಡ ಅನ್ನುತ್ತೇನೆ: ಫಿಟ್ಸ್ ಇರುವವರು, ಇನ್ಸುಲಿನ್ ತಗೊಂಡೂ ಸಕ್ಕರೆ ಏರಿಳಿಯುವವರು, ಈಚೆಗೆ ಹಾರ್ಟ್ ಅಟ್ಯಾಕ್ ಆದವರು, ಚಿಕಿತ್ಸೆ ಇಲ್ಲದ ಜೋರು ಸ್ಲೀಪ್ ಆಪ್ನಿಯಾ ಇರುವವರು, ಮನಸ್ಸಿನ ಕಾಯಿಲೆ ಮತ್ತೆ ಮತ್ತೆ ಕೆದರುವವರು. ಇವುಗಳಲ್ಲಿ ಒಂದು ನಿಮ್ಮ ಯಜಮಾನರಿಗೆ ಇರಬಹುದು, ಅದಕ್ಕೇ ಗೊರಕೆಯ ವಿಡಿಯೋ ಕೇಳಿದ್ದು.

ಸಿಟ್ಟಿನ ಬಗ್ಗೆ ಒಂದೇ ಮಾತು. ನಿದ್ದೆಗೆಟ್ಟವರ ಸಿಟ್ಟು ಮಲಗಿ ಎದ್ದರೆ ಇಳಿಯುತ್ತದೆ. ಚೆನ್ನಾಗಿ ಮಲಗಿ ಎದ್ದ ದಿನವೂ ಮುಖದಲ್ಲಿ ಕಳೆ ಇಲ್ಲ, ಮಕ್ಕಳ ಮೇಲೂ ಮನಸ್ಸಿಲ್ಲ, "ಯಾಕೆ ಬದುಕಬೇಕು" ಅನ್ನುವ ಮಾತು ಬಂದರೆ ಅದನ್ನು ನಿದ್ದೆಯ ಲೆಕ್ಕಕ್ಕೆ ಹಾಕಬೇಡಿ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸೆಕೆಂಡ್ ಶಿಫ್ಟ್ ವಾರದಲ್ಲಿ, ಎರಡು ಮೂರು ರಾತ್ರಿ ಸರಿಯಾಗಿ ಮಲಗಿದ ಮೇಲೆ, ಖಾಲಿ ಹೊಟ್ಟೆಯ ಸಕ್ಕರೆ ಮತ್ತೊಮ್ಮೆ ನೋಡಿಸಿ, ಬಿ.ಪಿ.ಯನ್ನೂ ಎರಡು ಬೇರೆ ದಿನ ನೋಡಿಸಿ. ಮೂರು ತಿಂಗಳದ್ದು ಈಗ ಬೇಡ, ದುಡ್ಡು ದಂಡ, ಇನ್ನೆರಡು ತಿಂಗಳು ಬಿಟ್ಟು ಮಾಡಿಸಿದರೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ: ಯಾವ ಪಾಳಿ, ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಎದ್ದರು, ಗುಳಿಗೆ ತಗೊಂಡರಾ. ಆ ನೋಟ್‌ಬುಕ್ಕು, ಗುಳಿಗೆಯ ಸ್ಟ್ರಿಪ್, ಗೊರಕೆಯ ವಿಡಿಯೋ ತಗೊಂಡು ನಿಮ್ಮೂರಿನ ವೈದ್ಯರ ಹತ್ತಿರ ಇಬ್ಬರೂ ಹೋಗಿ. ಬಳ್ಳಾರಿಗೇ ಬರುವುದಾದರೂ ಬನ್ನಿ, ಬಸ್ಸಿನಲ್ಲಿ.